ಹಳ್ಳದ ನೀರಿನ ಉಸಿರು: ಶಾಲೆಯ ಅನುಮಾಪನೆ ಕಲಿಸಿದ್ದು

(ಕಾಫಿ ಸೀಮೆಯ ಗ್ರಾಮಸ್ಥರು ಮತ್ತು ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಎರಡು ದಿನಗಳ ಜಲಶಿಬಿರದಲ್ಲಿ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ.)



ಪದವಿಪೂರ್ವ ತರಗತಿಯ ಪ್ರಯೋಗಶಾಲೆಯಲ್ಲಿ ನಾನು ಸುಮಾರು ಮೂವತ್ತು ವರ್ಷಗಳನ್ನು ಕಳೆದಿದ್ದೇನೆ. ಪ್ರತಿ ವರ್ಷವೂ ಅದೇ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಅದೇ ಆಕ್ಸಾಲಿಕ್ ಆಮ್ಲ, ಕೊನೆಗೆ ಅದೇ ತೆಳು ಗುಲಾಬಿ ಬಣ್ಣ. ಪ್ರತಿ ವರ್ಷವೂ ಮಕ್ಕಳ ಪುಸ್ತಕಗಳಲ್ಲಿ 9.8, 9.8, 9.8 ಎಂದು ಒಂದರ ಕೆಳಗೊಂದು ಮೂರು ಅಂಕಿಗಳು. ಅರವತ್ತು ಮಂದಿ ಅಳೆದರೆ ಅರವತ್ತು ಮಂದಿಗೂ ಅಷ್ಟೇ. ಅವುಗಳಲ್ಲಿ ಎಷ್ಟೋ ಅಂಕಿಗಳು ಬ್ಯುರೆಟ್ಟಿನಿಂದ ಬಂದವಲ್ಲ, ಬಾಟಲಿಯ ಮೇಲಿನ ಚೀಟಿಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಬರೆದವು ಎಂಬುದು ನನಗೆ ತಿಳಿದೇ ಇತ್ತು. ತಿಳಿದೂ ಅಂಕ ಕೊಟ್ಟಿದ್ದೇನೆ. ಈ ತಪ್ಪಿನಲ್ಲಿ ಮಕ್ಕಳಿಗಿಂತ ನನ್ನ ಪಾಲೇ ದೊಡ್ಡದು.

ಶಾಲೆಯ ಪ್ರಯೋಗದಲ್ಲಿ ಉತ್ತರವು ಅಧ್ಯಾಪಕನಿಗೆ ಮೊದಲೇ ಗೊತ್ತಿರುತ್ತದೆ. ಆದುದರಿಂದ ಅಲ್ಲಿ ಸುಳ್ಳು ಹೇಳಿದರೆ ಕೆಡುವುದು ಏನೂ ಇಲ್ಲವೆಂದು ತೋರುತ್ತದೆ. ಹಳ್ಳದ ನೀರನ್ನು ಸೀಸೆಯಲ್ಲಿ ತುಂಬಿ ತಂದಾಗ ಮಾತ್ರ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಎಲ್ಲರಿಗೂ ಒಂದೊಂದು ಅಪೇಕ್ಷೆ ಮಾತ್ರ ಇರುತ್ತದೆ. ಆ ಅಪೇಕ್ಷೆಯಿಂದ ನಮ್ಮನ್ನು ನಾವು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನೇ ಇಂದು ಹೇಳಬೇಕೆಂದಿದ್ದೇನೆ. ಅದಕ್ಕೆ ನೀತಿಬೋಧೆ ಬೇಕಿಲ್ಲ. ಬ್ಯುರೆಟ್ ತೊಳೆಯುವ ಕ್ರಮವನ್ನು ಸರಿಯಾಗಿ ಅರಿತರೆ ಸಾಕು.

ನಮ್ಮ ಹಳ್ಳವನ್ನು ನೀವೆಲ್ಲರೂ ಬಲ್ಲಿರಿ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಹಣ್ಣನ್ನು ಪಲ್ಪ್ ಮಾಡುವ ಕಾಲದಲ್ಲಿ ಅದರ ವಾಸನೆ ಬದಲಾಗುತ್ತದೆ. ಹಣ್ಣಿನ ಸಿಪ್ಪೆಯಲ್ಲೂ ಬೀಜಕ್ಕೆ ಅಂಟಿದ ಲೋಳೆಯಲ್ಲೂ ಸಕ್ಕರೆ ಮತ್ತು ಪೆಕ್ಟಿನ್ ಹೇರಳವಾಗಿವೆ. ತೊಳೆದ ನೀರು ಹಳ್ಳ ಸೇರಿದಾಗ ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ. ಅವು ಉಣ್ಣುತ್ತ ಉಣ್ಣುತ್ತ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸುತ್ತವೆ. ಮೀನು ಸಾಯುವುದು ಹೆಚ್ಚಾಗಿ ವಿಷದಿಂದಲ್ಲ, ಉಸಿರು ಕಟ್ಟಿ. ಒಂದು ಸರಳ ಲೆಕ್ಕ ಮಾಡಿ ನೋಡೋಣ. ಪಲ್ಪಿಂಗ್ ನೀರಿನ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಲೆಕ್ಕಕ್ಕೆ 4000 ಎಂದು ಹಿಡಿಯಿರಿ. ಶುದ್ಧವಾದ ಹಳ್ಳದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅಂದರೆ, ಗಾಳಿಯಿಂದ ಮರಳಿ ಏನೂ ಸೇರದಿದ್ದರೆ, ಒಂದು ಲೀಟರ್ ಪಲ್ಪಿಂಗ್ ನೀರು 500 ಲೀಟರ್ ಹಳ್ಳದ ನೀರಿನ ಉಸಿರನ್ನು ಪೂರ್ತಿಯಾಗಿ ಹೀರಿಬಿಡಬಲ್ಲದು.

ಈ 8 ಎಂಬ ಅಂಕಿಯ ಮೇಲೂ ಒಂದು ಮಾತು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕವನ್ನು ಗಾಳಿಯಿಂದ ಹಿಡಿದಿಟ್ಟುಕೊಳ್ಳುತ್ತದೆ. ಎತ್ತರ ಏರಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ನಮ್ಮಂತಹ 900 ಮೀಟರ್ ಎತ್ತರದ ಊರಿನಲ್ಲಿ ಅದು ಸುಮಾರು 8.2ಕ್ಕೆ ಇಳಿಯುತ್ತದೆ. ಬಯಲುಸೀಮೆಯ ಪುಸ್ತಕ ನೋಡಿ ನಮ್ಮ ಹಳ್ಳಕ್ಕೆ 9 ಇಲ್ಲವಲ್ಲ ಎಂದು ಗಾಬರಿಪಡುವವರು ಇದನ್ನು ನೆನಪಿಡಬೇಕು.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಧಾನವೊಂದನ್ನು ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದರು. ಇಂದು ನೀರಿನಲ್ಲಿ ಅದ್ದಿದೊಡನೆ ಅಂಕಿ ತೋರಿಸುವ ವಿದ್ಯುನ್ಮಾನ ಉಪಕರಣಗಳು ಬಂದಿವೆ. ಆದರೆ ಅವುಗಳ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಇಂದಿಗೂ ವಿಂಕ್ಲರನ ವಿಧಾನವನ್ನು ಬಳಸುವುದುಂಟು. ನಮಗೆ ಇನ್ನೂ ಮುಖ್ಯವಾದುದೆಂದರೆ, ಅದಕ್ಕೆ ಬೇಕಾದ ಬ್ಯುರೆಟ್, ಪಿಪೆಟ್, ಕೋನಿಕಲ್ ಫ್ಲಾಸ್ಕ್, ಗಂಜಿ ದ್ರಾವಣಗಳೆಲ್ಲ ತಾಲ್ಲೂಕು ಕೇಂದ್ರದ ಯಾವುದೇ ಕಾಲೇಜಿನಲ್ಲಿ ಧೂಳು ತಿನ್ನುತ್ತ ಕುಳಿತಿವೆ.

ವಿಧಾನದ ಸಾರ ಇಷ್ಟು. ಗಾಜಿನ ಬಿರಡೆಯುಳ್ಳ 300 ಮಿಲಿಲೀಟರಿನ ಸೀಸೆಯನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಬೇಕು. ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಅದ್ದಿ 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಬಳಿಕ 2 ಮಿಲಿಲೀಟರ್ ಕ್ಷಾರಯುಕ್ತ ಅಯೋಡೈಡ್ ದ್ರಾವಣ ಸೇರಿಸಬೇಕು. ಬಿರಡೆ ಮುಚ್ಚಿ ತಲೆಕೆಳಗು ಮಾಡಿ ಕಲಕಿದರೆ ಒಂದು ಗಸಿ ಮೂಡುತ್ತದೆ. ಆಮ್ಲಜನಕವಿದ್ದರೆ ಗಸಿ ಕಂದು. ಏನೇನೂ ಇಲ್ಲದಿದ್ದರೆ ಹಾಲಿನಂತೆ ಬಿಳಿ. ಅಕ್ಷರ ಬಾರದ ಅಜ್ಜಿಯೂ ನೋಡಿ ಹೇಳಬಹುದಾದ ಉತ್ತರ ಇದು. ಎರಡು ಸೀಸೆಗಳನ್ನು ಅಕ್ಕಪಕ್ಕ ಇಟ್ಟಾಗ, ಒಂದರಲ್ಲಿ ಕಾಫಿಪುಡಿಯ ಬಣ್ಣ, ಇನ್ನೊಂದರಲ್ಲಿ ಮಾಸಿದ ಬಿಳಿ ಕಂಡಾಗ, ಊರಿನ ಸಭೆಯೇ ಒಂದು ಕ್ಷಣ ಮೌನವಾದದ್ದನ್ನು ನಾನು ಕಂಡಿದ್ದೇನೆ.

ಗಸಿ ಕೆಳಗಿಳಿದ ಮೇಲೆ 2 ಮಿಲಿಲೀಟರ್ ಸಾರೀಕೃತ ಗಂಧಕಾಮ್ಲ ಹಾಕಿದರೆ ಗಸಿ ಕರಗಿ, ಮೊದಲಿದ್ದ ಆಮ್ಲಜನಕಕ್ಕೆ ಸರಿಸಮನಾಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಆ ಅಯೋಡಿನ್ನನ್ನು ಸೋಡಿಯಂ ಥಯೋಸಲ್ಫೇಟಿನಿಂದ ಅನುಮಾಪನೆ ಮಾಡುತ್ತೇವೆ. ಬಣ್ಣವು ಒಣಹುಲ್ಲಿನ ತೆಳು ಹಳದಿಗೆ ಇಳಿದಾಗ ಗಂಜಿ ಹಾಕಬೇಕು, ನೀಲಿ ಮೂಡುತ್ತದೆ. ಆ ನೀಲಿ ಮೊದಲ ಬಾರಿ ಮಾಯವಾದ ಹನಿಯೇ ಅಂತ್ಯಬಿಂದು. ಸ್ವಲ್ಪ ಹೊತ್ತಿನ ಮೇಲೆ ನೀಲಿ ಮರಳಿ ಬಂದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಈಗ ಲೆಕ್ಕ. ಒಂದು ಮೋಲ್ ಆಮ್ಲಜನಕ ಎಂದರೆ 32 ಗ್ರಾಂ. ಅದು ಎರಡು ಮೋಲ್ ಅಯೋಡಿನ್ನನ್ನು ಬಿಡಿಸುತ್ತದೆ. ಅದಕ್ಕೆ ನಾಲ್ಕು ಮೋಲ್ ಥಯೋಸಲ್ಫೇಟ್ ಬೇಕು. ಅಂದರೆ ಒಂದು ಮೋಲ್ ಥಯೋಸಲ್ಫೇಟಿಗೆ 8 ಗ್ರಾಂ ಆಮ್ಲಜನಕ. 0.025 ನಾರ್ಮಲ್ ದ್ರಾವಣದ ಒಂದು ಮಿಲಿಲೀಟರ್ 0.2 ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. 200 ಮಿಲಿಲೀಟರ್ ಹಳ್ಳದ ನೀರನ್ನು ತೆಗೆದುಕೊಂಡಿದ್ದರೆ, ಲೀಟರಿಗೆ ಅದರ ಐದು ಪಟ್ಟು, ಅಂದರೆ ಸರಿಯಾಗಿ 1 ಮಿಲಿಗ್ರಾಂ. ಬ್ಯುರೆಟ್ ತೋರಿಸುವ ಮಿಲಿಲೀಟರೇ ಹಳ್ಳದ ಆಮ್ಲಜನಕ! ಈ ಲೆಕ್ಕವನ್ನು ಇಷ್ಟು ಸುಲಭವಾಗಿ ಹೊಂದಿಸಿಟ್ಟವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಬಾರಿ ನಮಸ್ಕರಿಸಿದ್ದೇನೆ. ಒಂದು ಸಣ್ಣ ತಿದ್ದುಪಡಿ ಮಾತ್ರ ಉಂಟು. ನಾವು ಸೇರಿಸಿದ 4 ಮಿಲಿಲೀಟರ್ ದ್ರಾವಣಗಳು ಅಷ್ಟೇ ನೀರನ್ನು ಸೀಸೆಯಿಂದ ಹೊರಗೆ ತಳ್ಳಿರುತ್ತವೆ. ಆದುದರಿಂದ 200ರ ಬದಲು 203 ಮಿಲಿಲೀಟರ್ ತೆಗೆದುಕೊಳ್ಳಬೇಕು. 200ನ್ನು 300ರಿಂದ ಗುಣಿಸಿ 296ರಿಂದ ಭಾಗಿಸಿ ನೋಡಿ.

ಥಯೋಸಲ್ಫೇಟ್ ನಂಬಿಕೆಗೆ ಅರ್ಹವಾದ ವಸ್ತುವಲ್ಲ. ಲೀಟರಿಗೆ 6.2 ಗ್ರಾಂ ತೂಗಿ ಹಾಕಿದರೂ ಅದರ ಹರಳು ತನ್ನ ನೀರನ್ನು ಎಷ್ಟು ಕಳೆದುಕೊಂಡಿದೆಯೋ ತಿಳಿಯದು. ಕರಗಿಸಿಟ್ಟ ಮೇಲೂ ದಿನ ಕಳೆದಂತೆ ಸಾರ ಕಳೆದುಕೊಳ್ಳುತ್ತದೆ. ಅದನ್ನು ಕುದಿಸಿ ಆರಿಸಿದ ಭಟ್ಟಿನೀರಿನಲ್ಲಿ ಕರಗಿಸಿ, ಬಳಸುವ ದಿನವೇ ಪ್ರಮಾಣಿತ ದ್ರಾವಣವೊಂದರ ಎದುರು ಪರೀಕ್ಷಿಸಬೇಕು. ಕಾಲೇಜುಗಳಲ್ಲಿ ಇದಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುವ ರೂಢಿ. ಅದು ಕ್ರೋಮಿಯಮ್ಮಿನ ವಿಷ. ಹಳ್ಳ ಉಳಿಸಲು ಹೊರಟವರು ಅದನ್ನು ಸಿಂಕಿಗೆ ಸುರಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ನಾವು ಪೊಟ್ಯಾಸಿಯಂ ಅಯೋಡೇಟಿಗೆ ಬಂದೆವು.

ಇಲ್ಲಿ ತೂಕದ ವಿಷಯವೊಂದಿದೆ. 0.025 ನಾರ್ಮಲ್ ಅಯೋಡೇಟ್ ದ್ರಾವಣ 250 ಮಿಲಿಲೀಟರ್ ಬೇಕಾದರೆ 0.223 ಗ್ರಾಂ ತೂಗಬೇಕು. ನಮ್ಮ ಶಾಲೆಗಳ ತಕ್ಕಡಿ 0.01 ಗ್ರಾಮಿನವರೆಗೆ ಮಾತ್ರ ತೋರಿಸುತ್ತದೆ. ಅಂದರೆ 0.005 ಗ್ರಾಮಿನಷ್ಟು ಅನಿಶ್ಚಯ ಇದ್ದೇ ಇರುತ್ತದೆ. ನೂರಕ್ಕೆ ಎರಡಕ್ಕೂ ಮೀರಿದ ತಪ್ಪು ತೂಗುವಾಗಲೇ ಬಂದು ಕೂರುತ್ತದೆ. ಹೊಸ ತಕ್ಕಡಿ ಕೊಳ್ಳಲು ಹಣವೆಲ್ಲಿ? ಅದರ ಬದಲು ಹತ್ತು ಪಟ್ಟು, 2.23 ಗ್ರಾಂ ತೂಗಿ 250 ಮಿಲಿಲೀಟರಿಗೆ ಕರಗಿಸಿ, ಅದರಿಂದ 25 ಮಿಲಿಲೀಟರನ್ನು ಪಿಪೆಟ್ಟಿನಿಂದ ತೆಗೆದು ಮತ್ತೆ 250 ಮಿಲಿಲೀಟರಿಗೆ ತೆಳುವಾಗಿಸಬೇಕು. ತೂಕದ ತಪ್ಪು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಡ ಪ್ರಯೋಗಶಾಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆ ಅಯೋಡೇಟಿನ 20 ಮಿಲಿಲೀಟರಿಗೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ಸ್ವಲ್ಪ ದುರ್ಬಲ ಆಮ್ಲ ಸೇರಿಸಿ, ಹೊರಬಂದ ಅಯೋಡಿನ್ನಿಗೆ ಥಯೋಸಲ್ಫೇಟ್ ಬಿಟ್ಟಾಗ ಸರಿಯಾಗಿ 20 ಬೇಕಾಗಬೇಕು. ನಮಗೆ 20.6 ಬೇಕಾಯಿತೆನ್ನಿ. ಆಗ 20ನ್ನು 20.6ರಿಂದ ಭಾಗಿಸಿದರೆ 0.971. ಹಳ್ಳದ ನೀರಿಗೆ 7.6 ಮಿಲಿಲೀಟರ್ ಬಂದಿದ್ದರೆ ಅದನ್ನು 0.971ರಿಂದ ಗುಣಿಸಿ 7.4 ಎಂದು ಬರೆಯಬೇಕು, 7.6 ಎಂದಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ರಯೋಗದ ಪ್ರತಿ ತಪ್ಪಿಗೂ ಒಂದು ದಿಕ್ಕಿದೆ. ಬ್ಯುರೆಟ್ಟನ್ನು ನೀರಿನಿಂದ ತೊಳೆದು, ಥಯೋಸಲ್ಫೇಟಿನಿಂದಲೇ ಮತ್ತೊಮ್ಮೆ ತೊಳೆಯದೆ ಬಿಟ್ಟರೆ ದ್ರಾವಣ ತೆಳುವಾಗಿ ಹೆಚ್ಚು ಮಿಲಿಲೀಟರ್ ಖರ್ಚಾಗುತ್ತದೆ. ಹಳ್ಳವು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಬ್ಯುರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ನಡುವೆ ಹೊರಬಿದ್ದರೆ ಮತ್ತೆ ಹಾಗೆಯೇ. ಕೋನಿಕಲ್ ಫ್ಲಾಸ್ಕನ್ನು ಭಟ್ಟಿನೀರಿನಿಂದ ಮಾತ್ರ ತೊಳೆಯಬೇಕು. ಅಯೋಡಿನ್ ಬಿಡುಗಡೆಯಾದ ಆ ನೀರಿನಿಂದಲೇ ತೊಳೆದರೆ ಒಂದಷ್ಟು ಅಯೋಡಿನ್ ಉಳಿದು ಅಂಕಿ ಏರುತ್ತದೆ. ಇನ್ನು ಕೆಲವು ತಪ್ಪುಗಳ ದಿಕ್ಕು ಇದಕ್ಕೆ ವಿರುದ್ಧ. ಅಯೋಡಿನ್ ಹೊರಬಂದ ಮೇಲೆ ಹರಟೆ ಹೊಡೆಯುತ್ತ ತಡ ಮಾಡಿದರೆ ಅದು ಆವಿಯಾಗಿ ಹೋಗುತ್ತದೆ. ಹಳ್ಳವು ಇರುವುದಕ್ಕಿಂತ ಕೆಟ್ಟಂತೆ ಕಾಣುತ್ತದೆ. ನಮಗೆ ಬೇಡವಾದ ದಿಕ್ಕಿಗೆ ಹೋದ ತಪ್ಪನ್ನು ನಾವು ತಕ್ಷಣ ಹುಡುಕಿ ಹಿಡಿಯುತ್ತೇವೆ. ಬೇಕಾದ ದಿಕ್ಕಿಗೆ ಹೋದ ತಪ್ಪು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ.

ನನ್ನ ಅನುಭವವನ್ನೇ ಹೇಳುತ್ತೇನೆ. 2011ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಏಳು ಮಂದಿ ವಿದ್ಯಾರ್ಥಿಗಳೊಂದಿಗೆ ದೊಡ್ಡ ತೋಟದ ಕೆಳಗಿನ ಗುಂಡಿಗೆ ಹೋದೆವು. ನೀರು ಹುಳಿ ನಾರುತ್ತಿತ್ತು. ಕೊಡದಲ್ಲಿ ಎತ್ತಿ ಸೀಸೆಗೆ ಸುರಿದೆವು. ಉತ್ತರ 6.1. ಮೀನು ಸಾಯಬೇಕಾದ ಅಂಕಿಯೇ ಅಲ್ಲ. ಮಕ್ಕಳ ಮುಖ ಬಾಡಿತು. ತಪ್ಪೆಲ್ಲಿ ಎಂದು ಎಲ್ಲರೂ ಹುಡುಕಿದೆವು, ಬೇಗನೆ ಸಿಕ್ಕಿತು. ಕೊಡದಿಂದ ಸುರಿಯುವಾಗಲೇ ನೀರು ಗಾಳಿಯನ್ನು ಕುಡಿದಿತ್ತು. ರಬ್ಬರ್ ಕೊಳವೆಯನ್ನು ಸೀಸೆಯ ತಳದವರೆಗೆ ಇಳಿಬಿಟ್ಟು, ನೀರನ್ನು ಸದ್ದಿಲ್ಲದೆ ತುಂಬಿಸಿ, ಸೀಸೆಯ ಎರಡು ಮೂರು ಪಟ್ಟು ನೀರು ಹೊರಚೆಲ್ಲುವವರೆಗೆ ಬಿಡಬೇಕಿತ್ತು. ಹಾಗೆ ಮಾಡಿದಾಗ 2.4 ಬಂದಿತು. ಎಲ್ಲರಿಗೂ ಸಂತೋಷ.

ಮುಂದಿನ ವಾರ ನಡೆದದ್ದು ಬೇರೆ. ಮ್ಯಾಂಗನೀಸ್ ದ್ರಾವಣದ ಬಾಟಲಿಯನ್ನು ಮನೆಯಲ್ಲೇ ಮರೆತು ಹೋಗಿದ್ದೆವು. ನೀರು ತುಂಬಿದ ಸೀಸೆಗಳನ್ನು ಹಾಗೆಯೇ ಬಸ್ಸಿನಲ್ಲಿ ತಂದು, ಮೂರು ಗಂಟೆಗಳ ನಂತರ ಪ್ರಯೋಗ ಮಾಡಿದೆವು. ಉತ್ತರ 0.9. ಹಿಂದೆಂದೂ ಅಷ್ಟು ಕಡಿಮೆ ಬಂದಿರಲಿಲ್ಲ. ಪತ್ರಿಕೆಗೆ ಕೊಡೋಣವೆಂದು ಒಬ್ಬರು, ಜಿಲ್ಲಾಧಿಕಾರಿಗಳಿಗೆ ಮನವಿ ಬರೆಯೋಣವೆಂದು ಇನ್ನೊಬ್ಬರು. ನಾನೂ ಆ ಉತ್ಸಾಹದಲ್ಲಿ ಸೇರಿಕೊಂಡಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಮಾತ್ರ ಮೆಲ್ಲನೆ ಕೇಳಿದಳು: "ಸರ್, ಮೂರು ಗಂಟೆ ಸೀಸೆಯೊಳಗೂ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದಿರುತ್ತವಲ್ವಾ?" ಹೌದು. ಹಳ್ಳದ ಬಳಿಯಲ್ಲೇ ಮೊದಲ ಎರಡು ದ್ರಾವಣಗಳನ್ನು ಹಾಕಿ ಆಮ್ಲಜನಕವನ್ನು ಕಟ್ಟಿಹಾಕದೆ ಇದ್ದರೆ ಆ ಸೀಸೆ ಹಳ್ಳದ ಸಾಕ್ಷಿಯಲ್ಲ, ಬಸ್ಸಿನ ಸಾಕ್ಷಿ.

ಆ ಅಂಕಿಯನ್ನು ಪುಸ್ತಕದಲ್ಲಿ ಒಂದೇ ಗೆರೆಯಿಂದ ಹೊಡೆದು, ಕಾರಣವನ್ನು ಪಕ್ಕದಲ್ಲಿ ಬರೆದೆವು. ಅಳಿಸಲಿಲ್ಲ. ಊರಿನ ಹಿರಿಯರೊಬ್ಬರು ಬೇಸರದಿಂದಲೇ ಅಂದರು: "ಮೇಷ್ಟ್ರೇ, ಬೇಡದ ಉತ್ತರ ಬಂದಾಗ ಮತ್ತೆ ಅಳೆದ್ರಿ. ಬೇಕಾದ ಉತ್ತರ ಬಂದಾಗ ಚೆಲ್ತೀರಲ್ಲ!" ಆಗ ನನ್ನ ಬಳಿ ತಕ್ಕ ಉತ್ತರವಿರಲಿಲ್ಲ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಪ್ರತಿ ಸ್ಥಳದಲ್ಲೂ ಎರಡು ಸೀಸೆ. ಯಾವ ಸೀಸೆ ಯಾವ ಸ್ಥಳದ್ದೆಂದು ಅನುಮಾಪನೆ ಮಾಡುವವನಿಗೆ ತಿಳಿಯಬಾರದು, ಸಂಖ್ಯೆ ಮಾತ್ರ ಇರಬೇಕು. ಸಂಖ್ಯೆಯ ಪಟ್ಟಿ ಊರಿನ ಒಬ್ಬರ ಜೇಬಿನಲ್ಲಿ. ಒಂದೇ ಸೀಸೆಯ ನೀರಿನಿಂದ ಮಾಡಿದ ಎರಡು ಓದುಗಳು 0.1 ಮಿಲಿಲೀಟರಿನೊಳಗೆ ಹೊಂದದಿದ್ದರೆ ಎರಡನ್ನೂ ಬರೆಯಬೇಕು, ಮೂರನೆಯದನ್ನು ಮಾಡಬೇಕು. 300 ಮಿಲಿಲೀಟರಿನ ಸೀಸೆಯಲ್ಲಿ 203ರಂತೆ ಎರಡು ಬಾರಿ ಸಾಲುವುದಿಲ್ಲ. ಅದಕ್ಕೆ 100 ಮಿಲಿಲೀಟರಿನಂತೆ ತೆಗೆದು ಬಂದದ್ದನ್ನು ಇಮ್ಮಡಿಗೊಳಿಸಿ, ನೂರಕ್ಕೆ ಒಂದೂವರೆಯಷ್ಟರ ಆ ತಿದ್ದುಪಡಿಯನ್ನು ಲೆಕ್ಕದಲ್ಲೇ ಮಾಡಿಕೊಳ್ಳುತ್ತೇವೆ.

2012ರ ಜನವರಿಯಲ್ಲಿ ಈ ನಿಯಮದಂತೆ ಮೂರು ಸ್ಥಳಗಳಲ್ಲಿ ಅಳೆದೆವು. ಕಾಡಿನಿಂದ ಹಳ್ಳ ಹೊರಬರುವಲ್ಲಿ 7.4. ದೊಡ್ಡ ತೋಟದ ಮೋರಿ ಸೇರಿದ ಬಳಿಕ 2.1. ಇವೆರಡೂ ನಿರೀಕ್ಷಿತವೇ. ನಡುವಿನ ಸ್ಥಳ, ಅಂದರೆ ನಮ್ಮ ಊರು ದಾಟಿ, ತೋಟದ ಮೋರಿ ಸೇರುವುದಕ್ಕೆ ಮೊದಲು, 4.6. ಪಟ್ಟಿಯನ್ನು ಜೇಬಿನಿಂದ ತೆಗೆದು ಓದಿದಾಗ ಯಾರೂ ಮಾತಾಡಲಿಲ್ಲ. ಏಕೆಂದರೆ ಆ ಎರಡು ಸ್ಥಳಗಳ ನಡುವೆ ಇದ್ದುದು ನಮ್ಮವರದೇ ಮೂರು ಸಣ್ಣ ಪಲ್ಪರುಗಳು. ನಮ್ಮ ಸಭೆಗಳಿಗೆ ತಪ್ಪದೆ ಬರುತ್ತಿದ್ದ, ಮನವಿಗಳಿಗೆ ಮೊದಲ ಸಹಿ ಹಾಕುತ್ತಿದ್ದ ಮನೆಗಳವು.

ನಡುವಿನ ಅಂಕಿಯನ್ನು ಬಿಟ್ಟು ಎರಡನ್ನೇ ಮನವಿಯಲ್ಲಿ ಬರೆಯೋಣ ಎಂಬ ಸಲಹೆ ಬಂದಿತು. ಅದರಲ್ಲಿ ಸುಳ್ಳೇನಿದೆ, 7.4 ನಿಜ, 2.1 ನಿಜ ಎಂದರು. ಎರಡು ರಾತ್ರಿ ಚರ್ಚೆ ನಡೆಯಿತು. ಕೆಲವು ಮಾತುಗಳು ಇಲ್ಲಿ ಹೇಳುವಂಥವಲ್ಲ. ಕೊನೆಗೆ ಮೂರೂ ಅಂಕಿಗಳನ್ನು ಬರೆದೆವು. ಒಂದು ಮನೆಯವರು ಸಂಘ ಬಿಟ್ಟರು, ಇಂದಿಗೂ ಮರಳಿಲ್ಲ. ಇನ್ನಿಬ್ಬರು ಮರುವರ್ಷ ಪಲ್ಪಿಂಗ್ ನಿಲ್ಲಿಸಿ ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರಿದರು. ಅವರಿಗೆ ಬೆಲೆಯಲ್ಲಿ ನಷ್ಟವಾಯಿತೆಂಬುದನ್ನೂ ಹೇಳಬೇಕು. 2013ರ ಜನವರಿಯಲ್ಲಿ ನಡುವಿನ ಅಂಕಿ 6.3ಕ್ಕೆ ಏರಿತು.

ನಮ್ಮ ಅಂಕಿಗಳಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ, ಸೋಂಕು ನಿವಾರಿಸಿ ನೇರವಾಗಿ ಕುಡಿಯಲು ಬಳಸಬಹುದಾದ ಮೂಲಕ್ಕೆ ಲೀಟರಿಗೆ 6 ಮಿಲಿಗ್ರಾಂ, ಸ್ನಾನದ ನೀರಿಗೆ 5, ಮೀನು ಮತ್ತು ವನ್ಯಜೀವಿಗಳಿಗೆ 4 ಮಿಲಿಗ್ರಾಂ ಆಮ್ಲಜನಕವಾದರೂ ಇರಬೇಕು. ನಮ್ಮ 2.1 ಇವೆಲ್ಲಕ್ಕಿಂತ ಕೆಳಗೆ. ಹಾಗೆಂದು ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. 1974ರ ಜಲ ಕಾಯಿದೆಯ 21ನೆಯ ಪ್ರಕರಣದ ಪ್ರಕಾರ, ಮಂಡಳಿಯವರು ಕ್ರಮಬದ್ಧವಾಗಿ ನೋಟಿಸು ಕೊಟ್ಟು, ಮಾದರಿಯನ್ನು ಮೊಹರು ಮಾಡಿ ಪರೀಕ್ಷಿಸಿದ ಹೊರಚರಂಡಿ ನೀರಿನ ಫಲಿತಾಂಶ ಮಾತ್ರ ಸಾಕ್ಷ್ಯವಾಗುತ್ತದೆ. ನಮ್ಮ ಅಂಕಿ ಮಾಡಬಲ್ಲ ಕೆಲಸ ಬೇರೆ: ಎಲ್ಲಿ, ಯಾವ ಹೊತ್ತಿಗೆ ಬಂದು ನೋಡಬೇಕು ಎಂದು ತೋರಿಸುವುದು. ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿಯು ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಅದೂ ಉಸಿರಾಡಿ ಆಮ್ಲಜನಕವನ್ನು ಬಳಸುತ್ತದೆ. ಆದುದರಿಂದ ಹಳ್ಳಕ್ಕೆ ಅತ್ಯಂತ ಕಷ್ಟದ ಗಳಿಗೆ ಬೆಳಗಾಗುವ ಮುಂಚೆ. ಮಧ್ಯಾಹ್ನ ಮೂರು ಗಂಟೆಗೆ ಜೀಪಿನಲ್ಲಿ ಬಂದು ನೋಡಿ ಹೋದವರಿಗೆ ಹಳ್ಳ ಚೆನ್ನಾಗಿಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಹದಿನೈದು ದಿನಗಳ ಬೆಳಗಿನ ಅಂಕಿಗಳನ್ನು, ಹೊಡೆದುಹಾಕಿದ ಸಾಲುಗಳ ಸಮೇತ, ಎದುರಿಗಿಟ್ಟ ಮೇಲೆ ಮುಂದಿನ ಸುಗ್ಗಿಯಲ್ಲಿ ಅವರು ಬೆಳಿಗ್ಗೆ ಆರಕ್ಕೆ ಬಂದರು. ತೋಟದವರೂ ತಮ್ಮ ಕಡೆಯ ರಸಾಯನಶಾಸ್ತ್ರಜ್ಞರನ್ನು ಕಳುಹಿಸಿದ್ದರು. ಅವರು ನಮ್ಮ ಪುಸ್ತಕವನ್ನು ಬಹಳ ಹೊತ್ತು ತಿರುವಿದರು, ಆ 0.9ರ ಪುಟದಲ್ಲಿ ಬೆರಳಿಟ್ಟು ಇದೇಕೆ ಹೊಡೆದಿರಿ ಎಂದು ಕೇಳಿದರು. ಹುಡುಗಿಯೇ ವಿವರಿಸಿದಳು. ಅದಾದ ಮೇಲೆ ಅವರು ಬೇರೆ ಪ್ರಶ್ನೆ ಕೇಳಲಿಲ್ಲ.

ವಿಧಾನಕ್ಕೂ ಮಿತಿಗಳಿವೆ. ಪಲ್ಪರಿನಿಂದ ನೇರವಾಗಿ ಬರುವ ಬಗ್ಗಡದ ನೀರಿಗೆ ಇದು ಸಲ್ಲದು. ಅದರಲ್ಲಿರುವ ಸಾವಯವ ಪದಾರ್ಥಗಳೇ ಅಯೋಡಿನ್ನನ್ನು ನುಂಗಬಹುದು. ನೈಟ್ರೈಟ್ ಇರುವ ನೀರಿಗೆ ಸೋಡಿಯಂ ಅಜೈಡ್ ಸೇರಿಸುವ ಕ್ರಮವುಂಟು. ಅದು ತೀವ್ರ ವಿಷವಾದುದರಿಂದ ವಿದ್ಯಾರ್ಥಿಗಳು ಮುಟ್ಟಬಾರದು. ಗಂಧಕಾಮ್ಲವನ್ನು ಅಧ್ಯಾಪಕರೇ ಹಾಕಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು. ಯಾವ ದ್ರಾವಣವನ್ನೂ ಬಾಯಿಂದ ಎಳೆಯಬೇಡಿ, ರಬ್ಬರ್ ಬುರುಡೆ ಬಳಸಿ. ಕೆಲಸ ಮುಗಿದ ದ್ರಾವಣಗಳನ್ನು ಡಬ್ಬಿಯಲ್ಲಿ ಶೇಖರಿಸಿ ಕಾಲೇಜಿಗೆ ಒಯ್ಯಬೇಕು. ಒಮ್ಮೆ ನಮ್ಮ ಹುಡುಗನೊಬ್ಬ ಅಭ್ಯಾಸಬಲದಿಂದ ಎಲ್ಲವನ್ನೂ ಹಳ್ಳಕ್ಕೇ ಚೆಲ್ಲಿದ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿಯೊಬ್ಬರು ಅವನಿಗೆ ಮಾಡಿದ ಉಪನ್ಯಾಸ ನನ್ನ ಈ ಉಪನ್ಯಾಸಕ್ಕಿಂತ ಪರಿಣಾಮಕಾರಿಯಾಗಿತ್ತು.

ನಾಳೆ ಬೆಳಿಗ್ಗೆ ಐದೂವರೆಗೆ ಎಲ್ಲರೂ ಸಂಕದ ಬಳಿ ಸೇರಬೇಕು. ಇಬ್ಬಿಬ್ಬರಿಗೆ ಒಂದು ಸೀಸೆ, ಒಂದು ಕೊಳವೆ. ಟಾರ್ಚ್ ತನ್ನಿ. ನೀರಿನ ಉಷ್ಣತೆಯನ್ನು ಸೀಸೆ ತುಂಬುವ ಮೊದಲೇ ಬರೆದುಕೊಳ್ಳಬೇಕು. ಮ್ಯಾಂಗನೀಸ್ ದ್ರಾವಣದ ಬಾಟಲಿಯನ್ನು ಈ ಬಾರಿ ನಾನು ಇಂದು ರಾತ್ರಿಯೇ ಚೀಲದಲ್ಲಿ ಹಾಕಿಡುತ್ತೇನೆ.